ಒಂದು ಮಗು ಬಂದಿತ್ತು

ನಾಲ್ಕನೆಯ ಕುರ್ಚಿ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹೊರಗಿನಿಂದ ಬಸ್ ಕಂಡಕ್ಟರ್ ಎಳೆಯುತ್ತಿದ್ದ, ಒಳಗಿನಿಂದ ಪಕ್ಕದ ಮನೆಯ ಬೇಕರಿಯವನು ನೂಕುತ್ತಿದ್ದ. ಇಬ್ಬರೂ ಒಂದೇ ದಿಕ್ಕಿಗೆ ಬಲ ಹಾಕುತ್ತಿದ್ದರೂ ಕುರ್ಚಿ ಇಬ್ಬರ ಮಾತನ್ನೂ ಕೇಳುವ ಹಾಗೆ ಕಾಣಲಿಲ್ಲ. "ಹಿಂದೆ, ಹಿಂದೆ, ಎಡಕ್ಕೆ ತಗೋ, ರೈಟ್" ಎಂದು ಕಂಡಕ್ಟರ್ ಅಭ್ಯಾಸಬಲದಿಂದ ಕೂಗಿ, ಇದು ಸಾವಿನ ಮನೆ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಒಳಗೆ ಮಂಚದ ಮೇಲೆ ಸೂಜಕ್ಕ ಮಲಗಿದ್ದಳು. ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಸೋಪು ಹಚ್ಚಿ ಉಗುರಿನ ಸಂದಿಯನ್ನೂ ಬಿಡದೆ ಕೈ ತೊಳೆದುಕೊಂಡು, "ಕಾಲು ಗಂಟೆ ಅಡ್ಡಾಗ್ತೀನಿ" ಎಂದು ಹೋದವಳು ಏಳಲಿಲ್ಲ. ಎಪ್ಪತ್ತೊಂದು ವರ್ಷದಲ್ಲಿ ಅವಳು ಹೇಳಿದ ಹೊತ್ತಿಗೆ ತಪ್ಪಿದ್ದು ಅದೊಂದೇ ಸಲ. ಆರೋಗ್ಯ ಕೇಂದ್ರದಲ್ಲಿ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಲಸಿಕೆ ಹಾಕಿ ಹದಿಮೂರು ವರ್ಷದ ಹಿಂದೆ ನಿವೃತ್ತಳಾದ ಅವಳ ನಿಜವಾದ ಹೆಸರು ಪಿಂಚಣಿ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಗಂಡ ದರ್ಜಿ. ಊರಿನ ಬಟ್ಟೆಗೆ ಅವನು ಚುಚ್ಚಿದ, ಬಟ್ಟೆಯೊಳಗಿನ ಮೈಗೆ ಅವಳು ಚುಚ್ಚಿದಳು. ಅವನ ಗಿರಾಕಿಗಳದು ಅಳತೆ, ಅವಳ ಗಿರಾಕಿಗಳದು ಅಳು.

ಕೊನೆಗೆ ಕುರ್ಚಿಯನ್ನು ಓರೆ ಮಾಡಿ ಹೊರಗೆ ತಂದರು. ಇಬ್ಬರೇ ಇದ್ದ ಮನೆಯಲ್ಲಿ ಒಟ್ಟು ಎಂಟು ಬೆತ್ತದ ಕುರ್ಚಿ. ಅಂಗಳದಲ್ಲಿ ಸಾಲಾಗಿ ಇಟ್ಟ ಮೇಲೆ ಬೇಕರಿಯವನು ಒಂದೊಂದರ ಮೇಲೂ ಕೈಯಾಡಿಸಿ ನೋಡಿದ.

"ಕಾಲು, ಕೈಯೆಲ್ಲ ಮುತ್ತಾತನ ಕಾಲದ್ದು. ಕೂರೋ ಜಾಗ ಮಾತ್ರ ಮೊನ್ನೆ ಹೆಣೆದ ಹಂಗಿದೆ. ಈ ಮನೇಲಿ ಯಾರೂ ಕೂರ್ತಿರ್ಲಿಲ್ವಾ?"

"ಅವಳು ಕೂತಿದ್ದು ನಾನಂತೂ ನೋಡಿಲ್ಲ," ಎಂದ ದರ್ಜಿ. "ಆದ್ರೂ ಆರು ತಿಂಗಳಿಗೊಂದ್ಸಲ ಯಾವುದಾದ್ರೂ ಒಂದು ಹರಿದಿರ್ತಿತ್ತು. ಇಲಿ ಕಾಟ ಅಂತಿದ್ಳು."

ಅವನು ಹೊಸ್ತಿಲ ಮೇಲೆ ಕೂತು ಬಿಳಿ ಹೊದಿಕೆಯ ಅಂಚು ಕತ್ತರಿಸುತ್ತಿದ್ದ. ಹೊದಿಕೆ ಬೇಕಾದದ್ದಕ್ಕಿಂತ ಎರಡು ಗೇಣು ಉದ್ದವಾಗಿತ್ತು. ಹೆಂಡತಿಯ ಮೇಲೆ ಅಳತೆ ತಪ್ಪಿದ ಬಟ್ಟೆ ಹೊದಿಸಲು ಅವನ ಕೈ ಒಪ್ಪಿರಲಿಲ್ಲ. ಆದರೆ ಕತ್ತರಿ ಬಟ್ಟೆಯನ್ನು ಕತ್ತರಿಸುವ ಬದಲು ಜಗಿಯುತ್ತಿತ್ತು. ಆ ಕತ್ತರಿಯ ಮೊಂಡುತನ ಇಡೀ ಬೀದಿಗೆ ಗೊತ್ತಿತ್ತು. ಎಷ್ಟು ಸಲ ಸಾಣೆ ಹಿಡಿಸಿದರೂ ಮತ್ತೆ ಮೊಂಡಾಗುತ್ತಿತ್ತು, ಮತ್ತೆ ಅವನು ಬೇಕರಿಯವನ ಮಕ್ಕಳನ್ನು ಬೈಯುತ್ತಿದ್ದ. ಆ ಮಕ್ಕಳು ದೊಡ್ಡವರಾಗಿ ಬೇರೆ ಊರು ಸೇರಿದ ಮೇಲೆ ಬೈಯಲು ಯಾರೂ ಸಿಗದೆ ಕತ್ತರಿಯನ್ನೇ ಬೈಯುತ್ತಿದ್ದ.

ಗೇಟಿನ ಪಕ್ಕದ ನಲ್ಲಿಯ ಹತ್ತಿರ ಹೊಸ ನರ್ಸ್ ಸೋಪು ಹಿಡಿದು ನಿಂತಿದ್ದಳು. ಹೊರಗಿನಿಂದ ಬಂದವರು ಕೈ ತೊಳೆಯದೆ ಒಳಗೆ ಹೆಜ್ಜೆ ಇಡಬಾರದು ಎಂಬುದು ಸೂಜಕ್ಕನ ಕಾನೂನು. ಕಾನೂನು ಮಾಡಿದವಳು ಹೋದಳೆಂದು ಕಾನೂನು ಹೋಗಿರಲಿಲ್ಲ. ಹೊಸ ನರ್ಸ್ ಎಂದರೆ ಹದಿಮೂರು ವರ್ಷದ ಹಿಂದೆ ಸೂಜಕ್ಕನ ಜಾಗಕ್ಕೆ ಬಂದವಳು. ಅವಳ ಕೂದಲು ಅಲ್ಲಲ್ಲಿ ಬೆಳ್ಳಗಾಗಿದ್ದರೂ ಊರಿನ ಬಾಯಲ್ಲಿ ಅವಳಿನ್ನೂ ಹೊಸಬಳೇ. ವರ್ಷವರ್ಷವೂ ಅವಳ ಗುತ್ತಿಗೆ ಹೊಸದಾಗುತ್ತಿದ್ದುದರಿಂದ ಆ ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಈ ವರ್ಷದ್ದು ಮುಂದಿನ ತಿಂಗಳು ಹೊಸದಾಗಬೇಕಿತ್ತು. ಆಗುತ್ತದೆಯೋ ಇಲ್ಲವೋ ಎಂಬುದು ಅವಳ ಕೈಚೀಲದಲ್ಲಿ ನಾಲ್ಕಾಗಿ ಮಡಿಸಿಟ್ಟಿದ್ದ ಒಂದು ಕಾಗದದ ಮೇಲೆ ನಿಂತಿತ್ತು.

ದೊಡ್ಡ ಡಾಕ್ಟರ ಕಚೇರಿಯಿಂದ ಬಂದ ಜ್ಞಾಪನ ಪತ್ರ ಅದು. ದಡಾರದ ಲಸಿಕೆಯ ಒಂದು ಸೀಸೆಯಲ್ಲಿ ಹತ್ತು ಮಕ್ಕಳಿಗಾಗುವಷ್ಟು ಪುಡಿ ಇರುತ್ತದೆ. ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆ, ಆಮೇಲೆ ಉಳಿದದ್ದನ್ನು ಬಿಸಾಡಬೇಕು. ಕಳೆದ ತಿಂಗಳು ಅವಳು ಇಬ್ಬರೇ ಮಕ್ಕಳಿಗಾಗಿ ಸೀಸೆ ತೆರೆದಿದ್ದಳು. ಎಂಟು ವ್ಯರ್ಥ. ಇನ್ನು ಮುಂದೆ ಆರು ಮಕ್ಕಳು ಸೇರದೆ ತೆರೆಯಕೂಡದು, ಮತ್ತೊಮ್ಮೆ ಹೀಗಾದರೆ ಗುತ್ತಿಗೆಯನ್ನು ಪುನರ್ ಪರಿಶೀಲಿಸಲಾಗುವುದು ಎಂದು ಪತ್ರ ಬಹಳ ಮರ್ಯಾದೆಯಿಂದ ಹೇಳಿತ್ತು.

ಅಂದು ಬುಧವಾರ, ಲಸಿಕೆಯ ದಿನ. ಆದರೆ ಎರಡು ಮನೆ ಆಚೆಗಿನ ಆರೋಗ್ಯ ಕೇಂದ್ರದ ಬಾಗಿಲಿಗೆ "ಇಂದು ರಜೆ" ಎಂಬ ಚೀಟಿ ಅಂಟಿತ್ತು. ದೊಡ್ಡ ಡಾಕ್ಟರೇ ಫೋನಿನಲ್ಲಿ ಹೇಳಿ ಅಂಟಿಸಿದ್ದು. ಶವದ ಗಾಡಿ ಎರಡು ಗಂಟೆಗೆ ಬರಬೇಕಿತ್ತು.

ಅಲ್ಲಿಯವರೆಗೆ ಮಾಡುವುದಕ್ಕೆ ಮಾತಲ್ಲದೆ ಇನ್ನೇನೂ ಇರಲಿಲ್ಲ. ಕುರ್ಚಿಗಳಲ್ಲಿ ಕೂತವರು ಒಬ್ಬೊಬ್ಬರಾಗಿ ತಮ್ಮ ತೋಳಿನ ಕತೆ ಬಿಚ್ಚಿದರು. ಅಂಚೆಯವನು ತಾನು ಸೂಜಿ ನೋಡಿಯೇ ಮೂರ್ಛೆ ಹೋದದ್ದನ್ನು ಹೇಳಿದ, ಅವನ ಹೆಂಡತಿ ಅದು ಮಗುವಿದ್ದಾಗ ಅಲ್ಲ, ಮದುವೆಯಾದ ಮೇಲೆ ಎಂದು ತಿದ್ದಿದಳು. ಕಂಡಕ್ಟರ್ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿದಂತೆ ಮಾಡಿ, ಕತ್ತನ್ನು ಒಂದಿಷ್ಟು ಮುಂದೆ ಚಾಚಿದ. ಬಾಯಿ ತೆರೆದರೆ ಸೂಜಕ್ಕನೇ.

"ಅಳಿಯ ಅತ್ತೆಮನೆಗೆ ಬಂದ್ರೆ ಬೇಗ ಏಳ್ತಾನಾ? ದಡಾರನೂ ಹಂಗೇ. ಬಂದೋನು ಕೆಮ್ಮಿ ಎದ್ದು ಹೋದ್ರೂ ಅವನ ಕೆಮ್ಮು ಎರಡು ಗಂಟೆ ಆ ಕೋಣೇಲೇ ಕೂತಿರತ್ತೆ. ಮುಟ್ಟೋದೇ ಬೇಡ, ಉಸಿರಾಡಿದ್ರೆ ಸಾಕು. ಬಾಯಿ ಮುಚ್ಚು, ತೋಳು ಕೊಡು."

ಎಲ್ಲರೂ ನಕ್ಕರು, ದರ್ಜಿಯೊಬ್ಬನನ್ನು ಬಿಟ್ಟು. ಅವನು ಕತ್ತರಿ ನಿಲ್ಲಿಸಿ, ಒಳಗಿನ ಮಂಚದ ಕಡೆ ಒಮ್ಮೆ ತಿರುಗಿ ನೋಡಿದ. ತಪ್ಪಾಯಿತೆಂದುಕೊಂಡು ಕಂಡಕ್ಟರ್ ಕೂರಲು ಹೋದ. "ಇನ್ನೊಂದು ಹೇಳು," ಎಂದ ದರ್ಜಿ.

ಕಂಡಕ್ಟರ್ ಬಸ್ಸಿನ ಕತೆ ಹೇಳಿದ. ಸೂಜಕ್ಕ ಹತ್ತಿದಳೆಂದರೆ ಮೊದಲು ಕಿಟಕಿಗಳು ತೆರೆಯಬೇಕು, ಆಮೇಲೆ ಬಸ್ಸು ಹೊರಡಬೇಕು. ಕೆಮ್ಮಿಗೆ ಟಿಕೆಟ್ ಕೊಡುವವರಿಲ್ಲ, ಆದರೆ ಅದು ಹತ್ತಿದರೆ ಕೊನೆಯ ಸ್ಟಾಪಿನವರೆಗೂ ಬರುತ್ತದೆ, ಒಬ್ಬೊಬ್ಬರ ಮನೆಗೂ ಇಳಿಯುತ್ತದೆ ಎನ್ನುತ್ತಿದ್ದಳಂತೆ.

* * *

ಹದಿಮೂರು ವರ್ಷದ ಹಿಂದೆ ಫ್ರಿಜ್ಜಿನ ಬೀಗದ ಕೈ ಕೊಡುವ ದಿನ ಸೂಜಕ್ಕ ಹೊಸ ನರ್ಸನ್ನು ಮೂಲೆಗೆ ಕೂರಿಸಿಕೊಂಡು, ಒಂದು ಸಾಮಾನ್ಯ ಬುಧವಾರ ಹೇಗಿರುತ್ತದೆಂದು ತೋರಿಸಿದ್ದಳು. ಬೆಳಿಗ್ಗೆ ಮೊದಲು ಬಂದದ್ದು ಒಂದೇ ಮಗು. ಸೂಜಕ್ಕ ಸೀಸೆಯ ಮುಚ್ಚಳ ಕಿತ್ತು, ದ್ರಾವಣ ಬೆರೆಸಿ, ಆ ಮಗುವಿನ ಬಲತೋಳಿಗೆ ಹಾಕಿ, ಉಳಿದದ್ದನ್ನು ಐಸ್ ಇರುವ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಹೆಗಲಿಗೇರಿಸಿ ಬೀದಿಗಿಳಿದಳು. ಹೊಸ ನರ್ಸ್ ಹಿಂದೆ ಓಡಿದಳು. ನಾಲ್ಕು ಗಂಟೆಯಲ್ಲಿ ಏಳು ಬೀದಿ. ತೊಟ್ಟಿಲಿಂದ ಎತ್ತಿದ್ದು ಎರಡು, ಸ್ನಾನದ ಕೋಣೆಯಿಂದ ಒದ್ದೆಯಾಗಿ ತಂದದ್ದು ಒಂದು, ತಾಯಿ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಕ್ಕೆ ಕಿಟಕಿಯ ಹತ್ತಿರ ನಿಂತು ಅರ್ಧ ಗಂಟೆ ವಾದ ಮಾಡಿ ಪಡೆದದ್ದು ಒಂದು.

"ಮಕ್ಕಳನ್ನ ಕೂಡಿಸ್ಕೊಂಡು ಸೀಸೆ ತೆಗೀಬೇಡ," ಎಂದು ಏದುಸಿರು ಬಿಡುತ್ತ ಹೇಳಿದ್ದಳು. "ಸೀಸೆ ತೆಗೆದು ಮಕ್ಕಳನ್ನ ಹುಡುಕು. ಆಗ ಕಾಲು ತಾನಾಗೇ ಓಡ್ತವೆ."

"ಸಿಗದೇ ಇದ್ರೆ ಅಕ್ಕಾ?"

"ಬೈಸ್ಕೋ."

ಬಂದ ಒಂದು ಮಗುವಿನ ಮೇಲೆ ಇಷ್ಟು ಹಟವೇಕೆ ಎಂದು ಅವಳು ಕೇಳಿದ್ದಳು. ಸೂಜಕ್ಕ, ಐಸ್ ಕರಗುತ್ತಿದೆ ನಡಿ ಎಂದಿದ್ದಳು.

* * *

ಹನ್ನೆರಡೂವರೆಯ ಹೊತ್ತಿಗೆ ಒಬ್ಬ ಹೆಂಗಸು ಕಂಕುಳಲ್ಲಿ ಮಗು ಎತ್ತಿಕೊಂಡು ಗೇಟಿನೊಳಗೆ ಬಂದಳು. ಚಪ್ಪಲಿಗೆ ಡಾಂಬರು ಮೆತ್ತಿತ್ತು. ಸೋಪು ಕೊಟ್ಟರೆ ಕೈ ತೊಳೆದಳು, ಖಾಲಿಯಿದ್ದ ಕೊನೆಯ ಕುರ್ಚಿಯಲ್ಲಿ ಕೂತಳು, ಮಗುವಿನ ಅಂಗಿಯ ತೋಳು ಮೇಲೆ ಮಡಚಿದಳು. ಸ್ವಲ್ಪ ಹೊತ್ತು ಸಾಲನ್ನು ನೋಡಿ, ಪಕ್ಕದಲ್ಲಿದ್ದ ಕಂಡಕ್ಟರನ್ನು ಮೆಲ್ಲಗೆ ಕೇಳಿದಳು:

"ಅಣ್ಣಾ, ಇಷ್ಟು ದೊಡ್ಡೋರಿಗೂ ಚುಚ್ತಾರಾ?"

ಕಂಡಕ್ಟರ್ ಕುರ್ಚಿಯಿಂದ ಎದ್ದ. ಹೊಸ ನರ್ಸನ್ನು ಕೈಸನ್ನೆ ಮಾಡಿ ಕರೆದ.

ಹೆಂಗಸು ರಸ್ತೆ ಹಾಕುವ ಗುಂಪಿನವಳು. ಊರಾಚೆ ಎರಡು ತಿಂಗಳಿಂದ ಡೇರೆ ಹಾಕಿಕೊಂಡಿದ್ದರು. ಕೇಂದ್ರದ ಬಾಗಿಲು ಹಾಕಿತ್ತು, ಚೀಟಿ ಓದಲು ಬರಲಿಲ್ಲ, ಜನ ಸೇರಿದ್ದು ಕಂಡು ಇಲ್ಲಿಗೆ ಬಂದಿದ್ದಳು. ಮಗುವಿಗೆ ಹತ್ತು ತಿಂಗಳು. ಹಳೆಯ ಲಸಿಕೆಗಳೆಲ್ಲ ಕಾರ್ಡಿನಲ್ಲಿದ್ದವು, ದಡಾರದ್ದು ಮಾತ್ರ ಬಾಕಿ. ನರ್ಸ್ ತಗ್ಗಿದ ದನಿಯಲ್ಲಿ, ಇದು ಸಾವಿನ ಮನೆ, ಇವತ್ತು ಲಸಿಕೆ ಇಲ್ಲ ಎಂದು ತಿಳಿಸಿದಳು. ಹೆಂಗಸು ನಾಚಿ ತಟ್ಟನೆ ಎದ್ದಳು. ಆದರೆ ಹೋಗಲಿಲ್ಲ.

"ಇವತ್ತು ನಾಲ್ಕು ಗಂಟೆಗೆ ನಮ್ಮ ಲಾರಿ ಹೊರಡತ್ತೆ ಸಿಸ್ಟರ್. ಬೆಟ್ಟದ ಮೇಲಿನ ಕೆಲಸಕ್ಕೆ. ಆರು ತಿಂಗಳು ಅಲ್ಲೇ. ಅಲ್ಲಿ ಆಸ್ಪತ್ರೆ ಇಲ್ವಂತೆ." ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. "ನಮಗಿಂತ ಮುಂಚೆ ಹೋದೋರ ಮಕ್ಕಳು ಇಬ್ಬರಿಗೆ ಮೈಯೆಲ್ಲ ಕೆಂಪಗಾಗಿದೆಯಂತೆ. ಅದಕ್ಕೇ ಓಡಿ ಬಂದೆ."

ನರ್ಸಿನ ಕೈ ತಾನಾಗಿ ಕೈಚೀಲದ ಮೇಲೆ ಹೋಯಿತು. ಬೀಗದ ಕೈ ಅದರಲ್ಲೇ ಇತ್ತು, ನಾಲ್ಕಾಗಿ ಮಡಿಸಿದ ಕಾಗದವೂ ಅದರಲ್ಲೇ ಇತ್ತು. ರಜೆಯ ದಿನ ಒಂದು ಮಗುವಿಗಾಗಿ ಸೀಸೆ ತೆರೆದರೆ ದೊಡ್ಡ ಡಾಕ್ಟರು ಗುತ್ತಿಗೆ ತಪ್ಪಿಸಲು ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ. ಅವರು ಹೇಗೂ ಹೂಗುಚ್ಛ ಇಡಲು ಇಲ್ಲಿಗೇ ಬರುವವರಿದ್ದರು.

"ಹದಿನೈದು ದಿನ ಬಿಟ್ಟು ಬರೋಕೆ ಆಗತ್ತಾ ನೋಡಿ," ಎಂದಳು. ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. "ನಿಮ್ಮ ಕಡೆ ಇನ್ನೂ ಮಕ್ಕಳಿದ್ರೆ ಕರ್ಕೊಂಡು ಬನ್ನಿ. ಎಲ್ಲರಿಗೂ ಒಟ್ಟಿಗೆ ಹಾಕ್ಬಹುದು."

ಗೋಡೆಗೆ ಒರಗಿ ಕೂತಿದ್ದ ಬೆತ್ತದವನು ಮುಖ ಎತ್ತಿದ. ಬೆತ್ತದವನೆಂದರೆ ಊರಿನ ಕುರ್ಚಿಗಳಿಗೆಲ್ಲ ಬೆತ್ತ ಹೆಣೆಯುವವನು. ಎರಡು ಕಣ್ಣೂ ಇಲ್ಲ. ನಲವತ್ತರ ಮೇಲೆ ವಯಸ್ಸು.

"ಸಿಸ್ಟರ್," ಎಂದ, "ಈ ಮಾತನ್ನ ನಮ್ಮಮ್ಮನೂ ಕೇಳಿಸ್ಕೊಂಡಿದ್ಳು. ಇದೇ ಮಾತು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ."

* * *

ನಲವತ್ತೆರಡು ವರ್ಷದ ಹಿಂದೆ ಬೆತ್ತದವನ ತಾಯಿ ಸೋಡಾ ಕಾರ್ಖಾನೆಯಲ್ಲಿ ಸೀಸೆ ತೊಳೆಯುತ್ತಿದ್ದಳು. ಅರ್ಧ ದಿನ ರಜೆ ಕೇಳಿ, ಒಂಬತ್ತು ತಿಂಗಳ ಮಗನನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಬಂದಾಗ ಅಲ್ಲಿ ಬೇರೆ ಮಕ್ಕಳಿರಲಿಲ್ಲ. ಮೇಜಿನ ಹಿಂದೆ ಇಪ್ಪತ್ತೊಂಬತ್ತು ವರ್ಷದ ನರ್ಸ್. ದಡಾರದ ಲಸಿಕೆ ಆಗ ಹೊಸದು, ಸೀಸೆಗಳು ಎಣಿಸಿ ಬರುತ್ತಿದ್ದವು. ಒಂದು ಮಗುವಿಗಾಗಿ ಒಂಬತ್ತು ಮಕ್ಕಳದ್ದು ಚೆಲ್ಲುವುದು ಆ ನರ್ಸಿಗೆ ಅನ್ಯಾಯವಾಗಿ ಕಂಡಿತು. ತಪ್ಪು ಲೆಕ್ಕವೇನಲ್ಲ. ಹದಿನೈದು ದಿನ ಬಿಟ್ಟು ಬನ್ನಿ, ಅಕ್ಕಪಕ್ಕದ ಮಕ್ಕಳನ್ನೂ ಕರೆದುಕೊಂಡು ಬನ್ನಿ ಎಂದು ನಗುನಗುತ್ತ ಹೇಳಿ ಕಳಿಸಿದಳು.

ಮೂರನೆಯ ದಿನ ವಠಾರದ ಪಕ್ಕದ ಕೋಣೆಯ ಹುಡುಗಿಗೆ ದಡಾರ ಎಂದು ಗೊತ್ತಾಯಿತು. ಹನ್ನೆರಡನೆಯ ದಿನ ಮಗುವಿಗೆ ಜ್ವರ. ಹದಿನೈದನೆಯ ದಿನ, ಬರಬೇಕಾಗಿದ್ದ ದಿನ, ಮೈತುಂಬ ಕೆಂಪು ಗುಳ್ಳೆ. ಜ್ವರ ಇಳಿಯಿತು, ಗುಳ್ಳೆ ಬಾಡಿತು, ಮಗು ಉಳಿಯಿತು. ಕಣ್ಣಿನ ಕಪ್ಪು ಮಾತ್ರ ಬೆಳ್ಳಗಾಯಿತು.

ಬರಬೇಕಾದ ತಾಯಿ ಬರಲಿಲ್ಲವೆಂದು ನರ್ಸ್ ತಾನೇ ಮನೆ ಹುಡುಕಿಕೊಂಡು ಹೋದಾಗ ಆ ತಾಯಿ ಬೈಯಲಿಲ್ಲ, ಅಳಲಿಲ್ಲ. ಬಾಗಿಲಲ್ಲಿ ನಿಂತು, "ನೀವು ಹೇಳಿದ ದಿನಕ್ಕೆ ಬರೋಕಾಗ್ಲಿಲ್ಲ ಸಿಸ್ಟರ್, ತಪ್ಪು ತಿಳ್ಕೋಬೇಡಿ" ಎಂದಳು.

* * *

"ಅಮ್ಮ ಸಾಯೋ ಮುಂಚೆ ಹೇಳಿದ್ಳು," ಎಂದ ಬೆತ್ತದವನು. "ನನಗೆ ಗೊತ್ತು ಅಂತ ಸೂಜಕ್ಕನಿಗೆ ಗೊತ್ತಿರ್ಲಿಲ್ಲ. ಆರು ತಿಂಗಳಿಗೊಂದು ಕುರ್ಚಿ ಹೊತ್ಕೊಂಡು ಬರೋರು, ಇಲಿ ತಿಂದಿದೆ ಅಂತ. ಬೆತ್ತ ಹೆಣೆಯೋ ತನಕ ಪಕ್ಕದಲ್ಲೇ ಕೂತು ಊರಿನ ಸುದ್ದಿಯೆಲ್ಲ ಹೇಳೋರು. ಇಲಿ ತಿಂದ ಬೆತ್ತ ಹೆಂಗಿರತ್ತೆ, ಕತ್ತರಿಸಿದ ಬೆತ್ತ ಹೆಂಗಿರತ್ತೆ, ನನ್ನ ಬೆರಳಿಗೆ ಗೊತ್ತಾಗಲ್ವಾ? ಅದೂ ಅಂಥಿಂಥ ಕತ್ತರಿಯಲ್ಲ. ದೊಡ್ಡದು, ಬಟ್ಟೆ ಕತ್ತರಿಸೋದು."

ಎಲ್ಲರೂ ದರ್ಜಿಯ ಕಡೆ ನೋಡಿದರು. ದರ್ಜಿ ತನ್ನ ಕೈಯಲ್ಲಿದ್ದ ಕತ್ತರಿಯನ್ನು ನೋಡಿದ. ಅಲಗುಗಳನ್ನು ತೆರೆದ, ಮುಚ್ಚಿದ, ಬೆಳಕಿಗೆ ಹಿಡಿದ. ಆಮೇಲೆ ಬೇಕರಿಯವನ ಕಡೆ ತಿರುಗಿ, "ನಿನ್ನ ಮಕ್ಕಳನ್ನ ಸುಮ್ಮನೆ ಬೈದೆ ಕಣಯ್ಯಾ, ಅಷ್ಟು ವರ್ಷ," ಎಂದ. ಅಷ್ಟು ಹೇಳಿ ನಗಲು ಶುರುಮಾಡಿದವನು ನಿಲ್ಲಿಸಲಾರದೆ ಬಿಳಿ ಹೊದಿಕೆಯಲ್ಲಿ ಮುಖ ಒರೆಸಿಕೊಂಡ.

"ನಿಮಗೆ ಕೋಪ ಇರ್ಲಿಲ್ವಾ?" ಎಂದು ಹೊಸ ನರ್ಸ್ ಬೆತ್ತದವನನ್ನು ಕೇಳಿದಳು.

"ಇತ್ತು. ಬಹಳ ವರ್ಷ ಇತ್ತು. ಆಮೇಲೆ ಅವರು ಬರೋದು ಒಂದೆರಡು ವಾರ ತಡವಾದ್ರೆ ಯಾಕೆ ಬರ್ಲಿಲ್ಲ ಅಂತ ಅನ್ನಿಸೋಕೆ ಶುರುವಾಯ್ತು. ಎರಡನ್ನೂ ಒಟ್ಟಿಗೆ ಇಟ್ಕೊಳೋಕೆ ಆಗಲ್ಲ ಸಿಸ್ಟರ್." ಮುಖ ತಗ್ಗಿಸಿ, "ಗೊತ್ತಿದೆ ಅಂತ ಹೇಳಿದ್ರೆ ಬರೋದು ನಿಲ್ಲಿಸಿಬಿಡ್ತಾರೇನೋ ಅಂತ ಹೇಳ್ಲಿಲ್ಲ," ಎಂದ.

ರಸ್ತೆ ಕೆಲಸದವಳಿಗೆ ಇದೊಂದೂ ಅರ್ಥವಾಗಿರಲಿಲ್ಲ. ಮಗುವಿನ ಮಡಚಿದ ತೋಳನ್ನು ಅವಳಿನ್ನೂ ಇಳಿಸಿರಲಿಲ್ಲ. ಹೊಸ ನರ್ಸ್ ಆ ತೋಳನ್ನು ನೋಡಿದಳು. ಕೈಚೀಲ ತೆರೆದು ಬೀಗದ ಕೈ ತೆಗೆದಳು.

"ಭಾವಾ," ಎಂದಳು ದರ್ಜಿಗೆ. ಸೂಜಕ್ಕ ಅಕ್ಕನಾದ ಮೇಲೆ ದರ್ಜಿ ಭಾವನೇ. "ನಿಮ್ಮ ಹೊಲಿಗೆ ಮೇಜು ಸ್ವಲ್ಪ ಹೊತ್ತು ಬೇಕು. ಕೇಂದ್ರಕ್ಕೆ ಹೋಗಿ ಹಾಕಿದ್ರೆ ಲೈನು ಇಲ್ಲಿಂದ ಅಲ್ಲಿಗೆ ಓಡಾಡ್ಬೇಕು."

"ಯಾವ ಲೈನು? ಇರೋದು ಒಂದು ಮಗು," ಎಂದ ಅಂಚೆಯವನು.

"ಇನ್ನು ನಾಲ್ಕು ಗಂಟೆ ಇದೆಯಲ್ಲ."

ಒಂದು ಗಂಟೆಗೆ ಸರಿಯಾಗಿ ಅವಳು ಅಂಗಳಕ್ಕೆ ಎಳೆದಿಟ್ಟ ದರ್ಜಿಯ ಮೇಜಿನ ಮೇಲೆ ಕೇಂದ್ರದಿಂದ ತಂದ ಐಸ್ ಡಬ್ಬಿ ಇಟ್ಟು, ಸೀಸೆಯ ಮುಚ್ಚಳ ಕಿತ್ತು, ದ್ರಾವಣ ಬೆರೆಸಿದಳು. ಮಗು ಸೂಜಿ ಹೋಗುವವರೆಗೂ ಕುತೂಹಲದಿಂದ ನೋಡುತ್ತಿದ್ದು, ಹೋದ ಮೇಲೆ ಮೋಸವಾಯಿತೆಂದು ಕಿರುಚಿತು. ಜ್ವರ ಬಂದರೆ ಏನು ಕೊಡಬೇಕು, ಬೆಟ್ಟದ ಮೇಲೆ ಕೆಂಪಗಾದ ಮಕ್ಕಳಿಂದ ಎರಡು ವಾರವಾದರೂ ಎಷ್ಟು ದೂರ ಇಡಬೇಕು ಎಂದು ಹೇಳಿ, ಕಾರ್ಡಿನಲ್ಲಿ ದಿನಾಂಕ ಬರೆದು, "ಅರ್ಧ ಗಂಟೆ ಇಲ್ಲೇ ಕೂತಿದ್ದು ಹೋಗ್ಬೇಕು, ಒಳಗೆ ನೆರಳಿದೆ" ಎಂದಳು. ಆಮೇಲೆ ಲಸಿಕೆಯ ಪುಸ್ತಕ ತೆರೆದು ಬಾಕಿಯಿದ್ದ ಮಕ್ಕಳ ಮನೆಗಳನ್ನು ಗಟ್ಟಿಯಾಗಿ ಓದಿದಳು. ಆರು ಮನೆ. ಅಂಚೆಯವನು ಮನೆ ಸಂಖ್ಯೆಗಳನ್ನು ಕೇಳುತ್ತಲೇ ದಾರಿ ಹೇಳಿದ, ಬೇಕರಿಯವನು ಸ್ಕೂಟರು ತೆಗೆದ, ಕಂಡಕ್ಟರ್ ಹಿಂದೆ ಹತ್ತಿದ.

ಆಮೇಲೆ ಬೀದಿಯಲ್ಲಿ ಆದದ್ದನ್ನು ಊರು ಬಹಳ ದಿನ ಹೇಳಿಕೊಂಡಿತು. ಬಾಗಿಲು ತಟ್ಟಿದರೆ ಜನ ಊಟದ ಹೊತ್ತೆಂದು ಏಳುತ್ತಿರಲಿಲ್ಲ. ಕಂಡಕ್ಟರ್ ಬೀದಿಯ ಮಧ್ಯೆ ನಿಂತು, ಕತ್ತು ಮುಂದೆ ಚಾಚಿ, "ಕೂಸನ್ನ ಎತ್ಕೊಂಡು ಬಾರೇ, ಐಸ್ ಕರಗ್ತಿದೆ" ಎಂದು ಕೂಗಿದ. ಕಿಟಕಿಗಳು ತೆರೆದವು. ಐದು ತಿಂಗಳಿಂದ ಇವತ್ತು ನಾಳೆ ಎನ್ನುತ್ತಿದ್ದ ಕಟಿಂಗ್ ಅಂಗಡಿಯವನ ಹೆಂಡತಿ, ಸೂಜಕ್ಕ ಸತ್ತ ಸುದ್ದಿ ಬೆಳಿಗ್ಗೆಯೇ ಕೇಳಿದ್ದವಳು, ಕೈಯಲ್ಲಿದ್ದ ಸೌಟು ಕೆಳಗಿಡದೆ ಮಗುವನ್ನು ಎತ್ತಿಕೊಂಡು ಓಡಿ ಬಂದಳು. ಸತ್ತ ಮೇಲೂ ಬಿಡುವುದಿಲ್ಲವೆಂದರೆ ಇವರ ಜೊತೆ ಯಾರು ಹಟ ಮಾಡುತ್ತಾರೆ ಎಂದು ದಾರಿಯುದ್ದಕ್ಕೂ ಗೊಣಗಿದಳಂತೆ.

ಎರಡು ಗಂಟೆಗೆ ತುಸು ಮುಂಚೆ ದೊಡ್ಡ ಡಾಕ್ಟರು ಹೂಗುಚ್ಛ ಹಿಡಿದು ಗೇಟಿನೊಳಗೆ ಬಂದಾಗ ಅಂಗಳದಲ್ಲಿ ಆರು ಮಕ್ಕಳು ಆರು ಶ್ರುತಿಯಲ್ಲಿ ಅಳುತ್ತಿದ್ದವು. ಡಾಕ್ಟರು ನಲ್ಲಿಯ ಹತ್ತಿರ ಕೈ ತೊಳೆದರು, ಮೇಜಿನ ಮೇಲಿನ ಸೀಸೆ ನೋಡಿದರು, ಆಮೇಲೆ ಹೊಸ ನರ್ಸನ್ನು ನೋಡಿದರು.

"ಎಷ್ಟು ಮಕ್ಕಳು?"

"ಒಳಗೆ ಒಂದಿದೆ. ಸೇರಿ ಏಳು, ಸರ್."

ಅವರ ಹುಬ್ಬು ಸಡಿಲವಾಯಿತು. ಏಳು ಎಂದರೆ ಆರಕ್ಕಿಂತ ಒಂದು ಹೆಚ್ಚೇ. ಅಲ್ಲಿಗೇ ಬಿಡಬಹುದಿತ್ತು. ಆದರೆ ಅವರು ಮೂವತ್ತು ವರ್ಷ ಫಾರಂ ತುಂಬಿದವರು.

"ಸೀಸೆ ತೆಗೆದಾಗ ಎಷ್ಟಿದ್ರು?"

ಕಂಡಕ್ಟರ್ ಕೆಮ್ಮಿದ. ಬೇಕರಿಯವನು ಏಳು ಎಂದು ಬೆರಳಿನಲ್ಲಿ ತೋರಿಸಲು ಹೊರಟು, ಒಂದು ಕೈಯಲ್ಲಿ ಐದೇ ಬೆರಳಿರುವುದು ಕಂಡು ನಿಲ್ಲಿಸಿದ.

"ಒಂದು," ಎಂದಳು ನರ್ಸ್.

"ಲಿಖಿತ ಉತ್ತರ ಕೊಡಬೇಕಾಗತ್ತೆ."

"ಕೊಡ್ತೀನಿ ಸರ್."

"ಏನಂತ ಬರೀತೀರಿ?"

ಅವಳು ಸಿರಿಂಜನ್ನು ಸುರಕ್ಷಿತ ಪೆಟ್ಟಿಗೆಗೆ ಹಾಕಿ ಮುಚ್ಚಿದಳು. "ಒಂದು ಮಗು ಬಂದಿತ್ತು ಅಂತ."

ಡಾಕ್ಟರು ಹೂಗುಚ್ಛವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಉತ್ತರಕ್ಕೆ ಇನ್ನೊಂದು ಸಾಲು ಬರುತ್ತದೇನೋ ಎಂದು ಕಾದಂತೆ ಕಂಡಿತು. ಬರಲಿಲ್ಲ.

"ಹಾಗೇ ಬರೀರಿ," ಎಂದರು. "ಅದಕ್ಕಿಂತ ಉದ್ದ ಬೇಡ. ಉದ್ದ ಇದ್ರೆ ಮೇಲಿನವರು ಪ್ರಶ್ನೆ ಕೇಳ್ತಾರೆ. ಇಷ್ಟೇ ಇದ್ರೆ ನಾನು ಸಹಿ ಹಾಕಿ ಮುಚ್ಚಬಹುದು." ಒಂದು ಹೆಜ್ಜೆ ಮುಂದಿಟ್ಟು ನಿಂತು, "ಗುತ್ತಿಗೆ ಕಾಗದನೂ ಅದರ ಜೊತೆಗೇ ಕಳಿಸಿ," ಎಂದರು.

ಎರಡು ಗಂಟೆಗೆ ಶವದ ಗಾಡಿ ಬಂತು. ಡ್ರೈವರ್ ಬೇರೆ ಊರಿನವನು, ಇನ್ನೊಂದು ಮನೆಗೂ ಹೋಗಬೇಕಾದವನು. ಅಂಗಳದ ಅಳು ಕೇಳಿ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ದೊಡ್ಡವರಾರೂ ಅಳದೆ ಮಕ್ಕಳಷ್ಟೇ ಅಳುತ್ತಿದ್ದುದು ಅವನಿಗೆ ವಿಚಿತ್ರವಾಗಿ ಕಂಡಿರಬೇಕು. ಕಂಡಕ್ಟರನ್ನು ಕರೆದು, ಅಜ್ಜಿಗೆ ಮೊಮ್ಮಕ್ಕಳು ಬಹಳವೇ ಎಂದು ವಿಚಾರಿಸಿದ. ಊರು ತುಂಬ ಎಂದ ಕಂಡಕ್ಟರ್.

ಆದರೆ ಗಾಡಿ ಹೊರಡುವಂತಿರಲಿಲ್ಲ. ಕೊನೆಯ ಮಗುವಿಗೆ ಸೂಜಿ ಹಾಕಿದ್ದು ಎರಡಕ್ಕೆ ಐದು ನಿಮಿಷ ಇರುವಾಗ. ಅರ್ಧ ಗಂಟೆಯಾಗದೆ ಒಂದು ಮಗುವೂ ಗೇಟು ದಾಟಬಾರದೆಂದು ಹೊಸ ನರ್ಸ್ ಹೇಳಿದಳು, ಮಕ್ಕಳನ್ನು ಬಿಟ್ಟು ಅವಳು ಬರುವಂತಿರಲಿಲ್ಲ, ಅವಳನ್ನು ಬಿಟ್ಟು ದರ್ಜಿ ಹೊರಡಲೊಲ್ಲ. ತಾಯಂದಿರು ಎಂಟು ಕುರ್ಚಿಗಳಲ್ಲಿ ಹಂಚಿಕೊಂಡು ಕೂತರು. ಬೆತ್ತದವನು ಒಂದು ಮಗುವಿನ ಕೈಗೆ ತನ್ನ ಬೆರಳು ಕೊಟ್ಟು ಸಮಾಧಾನ ಮಾಡುತ್ತಿದ್ದ. ಒಂದೊಂದಾಗಿ ಅಳು ನಿಂತಿತು. ಎರಡೂವರೆಗೆ ನರ್ಸ್ ಗಡಿಯಾರ ನೋಡಿ ತಲೆಯಾಡಿಸಿದಳು. ಮೂರು ಮಕ್ಕಳದ್ದು ಸೀಸೆಯಲ್ಲಿ ಉಳಿದಿತ್ತು. ಐದು ಗಂಟೆಯವರೆಗೆ ಹೊತ್ತಿದೆ, ಸ್ಮಶಾನದಿಂದ ಬರುವಾಗ ಇನ್ನೊಂದು ಬೀದಿ ನೋಡೋಣ ಎಂದು ಡಬ್ಬಿ ಮುಚ್ಚಿದಳು.

ಹೊರಲು ನಾಲ್ಕು ಜನ ತೋಳು ಮಡಚಿಕೊಂಡು ಬಾಗಿಲಿಗೆ ಬಂದರು. ದರ್ಜಿ ಅವರಿಗಿಂತ ಮುಂದೆ ಹೋದ, ಕತ್ತರಿಸಿ ಸರಿಮಾಡಿದ ಹೊದಿಕೆಯನ್ನು ಮಡಚಿ ಎದೆಗೆ ಹಿಡಿದು. ಹೊಸ್ತಿಲಲ್ಲಿ ನಿಂತ.

ಗಡಿಬಿಡಿಯಲ್ಲಿ ರಸ್ತೆ ಕೆಲಸದವಳಿಗೆ ಅವಳ ಅರ್ಧ ಗಂಟೆ ಒಂದೂವರೆಗೇ ಮುಗಿಯಿತೆಂದು ಹೇಳುವುದನ್ನು ಎಲ್ಲರೂ ಮರೆತಿದ್ದರು. ಹೂವು ಹಾರುತ್ತದೆಂದು ಒಳಗೆ ಫ್ಯಾನು ಹಾಕಿರಲಿಲ್ಲ. ಅವಳು ಮಂಚದ ಪಕ್ಕದಲ್ಲಿ, ನೆಲದ ಮೇಲೆ, ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ಮಗು ಬಾಯಿ ತೆರೆದುಕೊಂಡು ನಿದ್ದೆ ಹೋಗಿತ್ತು, ತೋಳಿನ ಮೇಲೆ ಹತ್ತಿಯ ತುಣುಕು. ಹೂವಿಗೆ ಬಂದ ಒಂದು ನೊಣ ಅಲ್ಲಿಂದಿಲ್ಲಿಗೆ ಸುತ್ತುತ್ತಿತ್ತು. ಅವಳ ಕೈಯಲ್ಲಿ ಮಗುವಿನ ಲಸಿಕೆ ಕಾರ್ಡು. ಅದನ್ನೇ ಬೀಸಣಿಗೆ ಮಾಡಿಕೊಂಡು ಮೆಲ್ಲಗೆ ಬೀಸುತ್ತಿದ್ದಳು, ಒಂದು ಸಲ ಮಗುವಿನ ಮುಖಕ್ಕೆ, ಒಂದು ಸಲ ಕೈ ಮೇಲೆತ್ತಿ, ತನಗೆ ಯಾರೆಂದು ಗೊತ್ತಿಲ್ಲದ ಅಜ್ಜಿಯ ಮುಖಕ್ಕೆ.

"ಬರ್ಬಹುದಾ?" ಎಂದ ಕಂಡಕ್ಟರ್ ಹಿಂದಿನಿಂದ.

ದರ್ಜಿ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿದ. "ಅರ್ಧ ಗಂಟೆ ಇನ್ನೂ ಆಗಿಲ್ಲ," ಎಂದ, ದನಿ ತಗ್ಗಿಸಿ.